ಊರಿಲ್ಲದ ಕ್ಲಬ್ಬು

ಬ್ಯಾಂಕ್ ನೌಕರಿಯಲ್ಲಿರುವವನಿಗೆ ವರ್ಗಾವಣೆಯ ಆದೇಶ ಕೈಗೆ ಬಂದಾಗ ಮೊದಲು ನೆನಪಾಗುವುದು ಮಕ್ಕಳ ಶಾಲೆ, ಆನಂತರ ಬಾಡಿಗೆ ಮನೆಯ ಮುಂಗಡ. ನನಗೆ ಈ ಎರಡರ ಜೊತೆಗೆ ಮೂರನೆಯ ಚಿಂತೆಯೊಂದಿತ್ತು. ಅದು ರೋಟರಿ ಕ್ಲಬ್ಬಿನ ಹಾಜರಾತಿಯದು. ಹುಬ್ಬಳ್ಳಿಯಲ್ಲಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಸದಸ್ಯನಾದ ನಾನು, ಮುಂದೆ ಗಂಗಾವತಿ, ಹಾಸನ, ಕಲಬುರಗಿ ಎಂದು ಊರೂರು ಸುತ್ತುವಾಗಲೆಲ್ಲ ಒಂದು ಕ್ಲಬ್ಬನ್ನು ಬಿಟ್ಟು ಇನ್ನೊಂದಕ್ಕೆ ಸೇರಬೇಕಾಗುತ್ತಿತ್ತು, ಏಕೆಂದರೆ ಯಾವ ಊರಿನ ಕ್ಲಬ್ಬೋ ಆ ಊರಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಸದಸ್ಯನ ಮನೆಯಾದರೂ ಉದ್ಯೋಗವಾದರೂ ಇರಬೇಕೆಂಬುದು ಆಗಿನ ನಿಯಮ. ಹೊಸ ಊರಿನಲ್ಲಿ ನಾಲ್ಕು ಜನರ ಪರಿಚಯವಾಗಿ, ಅವರಲ್ಲೊಬ್ಬರು ನನ್ನ ಹೆಸರನ್ನು ಸೂಚಿಸಿ, ಅಂಗಿಯ ಮೇಲೆ ಸದಸ್ಯತ್ವದ ಪಿನ್ ಏರುವ ಹೊತ್ತಿಗೆ ಅರ್ಧ ವರ್ಷ ಕಳೆದೇ ಹೋಗುತ್ತಿತ್ತು. 2014ರಲ್ಲಿ ನಾವು ಇಪ್ಪತ್ತಮೂರು ಮಂದಿ ಸೇರಿ ಅಂತರ್ಜಾಲದಲ್ಲಿಯೇ ಸಭೆ ಸೇರುವ, ಊರಿನ ಹಂಗಿಲ್ಲದ ಇ-ಕ್ಲಬ್ ಒಂದನ್ನು ಕಟ್ಟಿದ್ದು ಮುಖ್ಯವಾಗಿ ಇಂಥ ಅಲೆಮಾರಿಗಳ ಅನುಕೂಲಕ್ಕಾಗಿ. ಅದು ಹೇಗೆ ಹುಟ್ಟಿತು, ಹೇಗೆ ಎಡವಿತು, ಹೇಗೆ ಬೆಳೆಯಿತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ರೋಟರಿಯಲ್ಲಿ ಹಾಜರಾತಿಗಿದ್ದ ಮಹತ್ವ ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಆಗ ವಾರಕ್ಕೊಂದು ಸಭೆ, ಸತತವಾಗಿ ನಾಲ್ಕು ಸಭೆಗಳಿಗೆ ತಪ್ಪಿಸಿಕೊಂಡರೆ ಸದಸ್ಯತ್ವಕ್ಕೇ ಸಂಚಕಾರ ಬರುತ್ತಿತ್ತು. ಹಾಗೆಂದು ಪರಿಹಾರವಿಲ್ಲವೆಂದಲ್ಲ. ಸಭೆಗೆ ತಪ್ಪಿದವನು ಅದರ ಹಿಂದಿನ ಅಥವಾ ಮುಂದಿನ ಹದಿನಾಲ್ಕು ದಿನಗಳೊಳಗೆ ಜಗತ್ತಿನ ಯಾವುದೇ ರೋಟರಿ ಕ್ಲಬ್ಬಿನ ಸಭೆಯಲ್ಲಿ ಕುಳಿತು, ಅಲ್ಲಿಯ ಕಾರ್ಯದರ್ಶಿಯಿಂದ ಒಂದು ಚೀಟಿ ತಂದುಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಇದಕ್ಕೆ ನಮ್ಮವರ ಬಾಯಲ್ಲಿ ಮೇಕಪ್ ಎಂದು ಹೆಸರು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ, ಗದಗಿಗೆ ಹೋಗಿ ಮೇಕಪ್ ಮಾಡಿಕೊಂಡು ರಾತ್ರಿ ಬಂದುಬಿಡುತ್ತೇನೆ ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡ ನಮ್ಮ ಅತ್ತೆಯವರು, ಅಳಿಯಂದಿರು ಯಾವುದೋ ನಾಟಕ ಕಂಪನಿಗೆ ಸೇರಿದ್ದಾರೆಂದೇ ಭಾವಿಸಿ ಎರಡು ದಿನ ಮಗಳೊಡನೆ ಗುಸುಗುಸು ನಡೆಸಿದ್ದರು.

ಈ ಸಂಸ್ಥೆಯ ಮೂಲದಲ್ಲಿಯೇ ಪರಊರಿನಲ್ಲಿ ಒಂಟಿಯಾದವನ ಬೇಸರವಿದೆ ಎಂಬುದನ್ನು ನಾನು ತಿಳಿದದ್ದು ತಡವಾಗಿ. ವರ್ಮಾಂಟ್ ರಾಜ್ಯದ ಸಣ್ಣ ಊರೊಂದರಲ್ಲಿ ಬೆಳೆದು ಶಿಕಾಗೋದಲ್ಲಿ ವಕೀಲಿ ಮಾಡುತ್ತಿದ್ದ ಪಾಲ್ ಹ್ಯಾರಿಸ್, ಅಷ್ಟು ದೊಡ್ಡ ನಗರದಲ್ಲಿ ತನಗೆ ವ್ಯವಹಾರದ ಪರಿಚಯಗಳಿವೆಯೇ ಹೊರತು ಊರಿನ ಗೆಳೆತನವಿಲ್ಲ ಎಂಬ ಕೊರಗಿನಿಂದ 1905ರ ಫೆಬ್ರವರಿ 23ರಂದು ಕಲ್ಲಿದ್ದಲು ವ್ಯಾಪಾರಿ, ಗಣಿ ಎಂಜಿನಿಯರ್ ಮತ್ತು ದರ್ಜಿಯೊಬ್ಬರ ಜೊತೆ ಯೂನಿಟಿ ಬಿಲ್ಡಿಂಗ್ ಎಂಬ ಕಟ್ಟಡದ ಒಂದು ಕೋಣೆಯಲ್ಲಿ ಸೇರಿದರು. ಸಭೆ ಒಬ್ಬರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಸರದಿಯಂತೆ ತಿರುಗುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಆ ಕ್ಲಬ್ಬು ಮೊದಲಿಗೆ ಕೈಗೆತ್ತಿಕೊಂಡ ದೊಡ್ಡ ಸಾರ್ವಜನಿಕ ಕೆಲಸವೆಂದರೆ ಶಿಕಾಗೋದ ನಗರಸಭೆ ಕಟ್ಟಡದ ಬಳಿ ಸಾರ್ವಜನಿಕ ಶೌಚಾಲಯವನ್ನು ಕಟ್ಟಿಸುವುದು. ಅಂದರೆ ಸ್ನೇಹಕ್ಕಾಗಿ ಸೇರಿದವರು ಸೇವೆಗೆ ಇಳಿದಾಗ ಅವರ ಕಣ್ಣಿಗೆ ಬಿದ್ದದ್ದು ತಾವು ದಿನವೂ ನಡೆದಾಡುವ ರಸ್ತೆ. ನಮ್ಮ ದೇಶಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, 1919ರಲ್ಲಿ. ಬೆಂಗಳೂರಿನ ಕ್ಲಬ್ಬು 1934ರದು. ಇಲ್ಲಿಯೂ ಅದೇ ಕ್ರಮ ಮುಂದುವರಿಯಿತು. ಊರಿಗೊಂದು ಕ್ಲಬ್ಬು, ಅದಕ್ಕೊಂದು ರೋಟರಿ ಭವನ, ಬಸ್ ತಂಗುದಾಣದ ನೆತ್ತಿಯಲ್ಲಿ ಹಲ್ಲುಗಾಲಿಯ ಚಿಹ್ನೆ, ಸ್ಮಶಾನಕ್ಕೊಂದು ಕಲ್ಲುಬೆಂಚು, ಜಾತ್ರೆಯಲ್ಲಿ ಕುಡಿಯುವ ನೀರು. ಊರನ್ನು ತೆಗೆದುಬಿಟ್ಟರೆ ಈ ಕ್ಲಬ್ಬುಗಳಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಅಂತರ್ಜಾಲ ಬರುವವರೆಗೆ ಯಾರೂ ಕೇಳಬೇಕಾಗಿ ಬಂದಿರಲಿಲ್ಲ.

ಮೊದಲ ಇ-ಕ್ಲಬ್ಬಿಗೆ ಮಾನ್ಯತಾ ಪತ್ರ ದೊರೆತದ್ದು 2002ರ ಜನವರಿಯಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದಲ್ಲಿ. ರೋಟರಿ ಇ-ಕ್ಲಬ್ ಒನ್ ಎಂದು ಅದರ ಹೆಸರು. ಆಗ ವಿಡಿಯೊ ಸಭೆಯ ಮಾತೇ ಇರಲಿಲ್ಲ; ವಾರದ ಕಾರ್ಯಕ್ರಮವನ್ನು ಜಾಲತಾಣದಲ್ಲಿ ಹಾಕುವುದು, ಸದಸ್ಯರು ತಮಗೆ ಬಿಡುವಾದಾಗ ಓದಿ ಅಭಿಪ್ರಾಯ ಬರೆಯುವುದು, ಅದನ್ನೇ ಹಾಜರಾತಿಯೆಂದು ಪರಿಗಣಿಸುವುದು ಎಂಬುದು ಅಲ್ಲಿಯ ಪದ್ಧತಿ. ಇಂಥ ಕ್ಲಬ್ಬುಗಳು ಹೆಸರು ಮಾಡಿದ್ದು ತಮ್ಮ ಸದಸ್ಯರಿಗಿಂತ ಹೆಚ್ಚಾಗಿ ಹೊರಗಿನವರ ಮೇಕಪ್ಪಿನಿಂದ ಎಂಬುದು ನನ್ನ ಅಭಿಪ್ರಾಯ. ಜಾಲತಾಣದಲ್ಲಿ ಸರಾಸರಿ ಮೂವತ್ತು ನಿಮಿಷ ಭಾಗವಹಿಸಿದರೆ ಸಭೆಗೆ ಹೋದಂತೆಯೇ ಎಂದು ನಿಯಮ ಒಪ್ಪಿಕೊಂಡ ಮೇಲೆ, ನನ್ನಂಥವನು ಗದಗಿನ ಬಸ್ಸು ಹತ್ತುವ ಅಗತ್ಯ ಉಳಿಯಲಿಲ್ಲ. ಹಾಸನದ ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಕುಳಿತು, ಕಾಣದ ದೇಶದ ಕ್ಲಬ್ಬಿನಿಂದ ಚೀಟಿಯನ್ನು ಮಿಂಚಂಚೆಯಲ್ಲಿ ಪಡೆದು, ಮುದ್ರಿಸಿ ಕಾರ್ಯದರ್ಶಿಗೆ ಕೊಡುತ್ತಿದ್ದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಸೀಲು ಎಲ್ಲಿದೆ ಎಂದು ಕೇಳುತ್ತಿದ್ದರು. ರೋಟರಿಯ ನಿಯಮಗಳನ್ನು ತಿದ್ದುವ ಅಧಿಕಾರವಿರುವುದು ಮೂರು ವರ್ಷಕ್ಕೊಮ್ಮೆ ಸೇರುವ ಕೌನ್ಸಿಲ್ ಆನ್ ಲೆಜಿಸ್ಲೇಷನ್ ಎಂಬ ಸಭೆಗೆ. ಅಲ್ಲಿಯವರೆಗೆ ಪ್ರಯೋಗವಾಗಿಯೇ ಉಳಿದಿದ್ದ ಇ-ಕ್ಲಬ್ಬನ್ನು 2010ರಲ್ಲಿ ಅದು ಖಾಯಂ ಮಾಡಿತಾದರೂ, ಒಂದು ಜಿಲ್ಲೆಗೆ ಎರಡೇ ಎಂದು ಮಿತಿ ಹಾಕಿತು. ಇಲ್ಲಿ ಜಿಲ್ಲೆಯೆಂದರೆ ಕಂದಾಯದ ಜಿಲ್ಲೆಯಲ್ಲ, ಹಲವು ಜಿಲ್ಲೆಗಳನ್ನು ಒಳಗೊಂಡ ರೋಟರಿಯದೇ ವಿಭಾಗ. ಆ ಮಿತಿ ತೆರವಾದದ್ದು 2013ರಲ್ಲಿ, ಮತ್ತು ನಮಗೆ ಧೈರ್ಯ ಬಂದದ್ದು ಆಮೇಲೆ.

ನಮ್ಮ ಇಪ್ಪತ್ತಮೂರು ಮಂದಿಯಲ್ಲಿ ನನ್ನಂತೆ ಬ್ಯಾಂಕು, ವಿಮೆ, ರೈಲ್ವೆಗಳಲ್ಲಿದ್ದು ವರ್ಗವಾಗುತ್ತಿದ್ದವರು ಒಂಬತ್ತು, ದುಬೈ, ಮಸ್ಕತ್, ಸಿಂಗಪುರ, ನ್ಯೂಜೆರ್ಸಿಗಳಲ್ಲಿ ನೆಲೆಸಿದ್ದ ಕರಾವಳಿ ಮತ್ತು ಮಲೆನಾಡಿನವರು ಆರು, ಉಳಿದವರಲ್ಲಿ ಹೆಚ್ಚಿನವರು ಹೆಂಗಸರು. ಈ ಕೊನೆಯ ಗುಂಪು ನಾವು ನಿರೀಕ್ಷಿಸದೆ ಬಂದದ್ದು. ರೋಟರಿಯ ನಿಯಮಗಳು ಮಹಿಳೆಯರಿಗೆ ಜಗತ್ತಿನಾದ್ಯಂತ ಸದಸ್ಯತ್ವವನ್ನು ತೆರೆದದ್ದು 1989ರಲ್ಲಿಯೇ. ಆದರೂ ನಮ್ಮ ತಾಲೂಕು ಕೇಂದ್ರಗಳಲ್ಲಿ ಸದಸ್ಯರ ಹೆಂಡತಿಯರನ್ನು ಆನ್ ಎಂದೂ, ಮಕ್ಕಳನ್ನು ಆನೆಟ್ ಎಂದೂ ಕರೆದು, ಕುಟುಂಬ ಸಮ್ಮಿಲನದ ದಿನ ರಂಗೋಲಿ ಸ್ಪರ್ಧೆ ನಡೆಸಿ ಕಳುಹಿಸುವುದು ಬಹುಕಾಲ ನಡೆದುಕೊಂಡು ಬಂದಿತ್ತು. ರಾತ್ರಿ ಎಂಟಕ್ಕೆ ಆರಂಭವಾಗಿ ಊಟ ಮುಗಿಯುವಾಗ ಹತ್ತೂವರೆಯಾಗುವ ಹೋಟೆಲ್ ಸಭೆಗೆ ಬರಲಾಗದ ಕಾರ್ಕಳದ ಶಿಕ್ಷಕಿಯೊಬ್ಬರು, ಹದಿನೈದು ವರ್ಷ ಆನ್ ಆಗಿದ್ದವರು, ನಮ್ಮ ಇ-ಕ್ಲಬ್ಬಿನ ಎರಡನೆಯ ಅಧ್ಯಕ್ಷರಾದರು. ಅವರ ಪತಿ ಇಂದಿಗೂ ಊರಿನ ಕ್ಲಬ್ಬಿನ ಸಾಮಾನ್ಯ ಸದಸ್ಯರು. ಅವರನ್ನು ಏನೆಂದು ಕರೆಯಬೇಕು ಎಂಬ ತಮಾಷೆ ನಮ್ಮಲ್ಲಿ ಇನ್ನೂ ಹಳತಾಗಿಲ್ಲ.

ಮೊದಲ ವರ್ಷ ನಾವು ಹಿಡಿದದ್ದು ಅಮೆರಿಕದವರ ಹಳೆಯ ಪದ್ಧತಿ. ಸೋಮವಾರ ಬೆಳಗ್ಗೆ ಜಾಲತಾಣದಲ್ಲಿ ಒಂದು ಲೇಖನ ಅಥವಾ ಭಾಷಣ. ಭಾನುವಾರದೊಳಗೆ ಎಲ್ಲರೂ ನೋಡಿ ಎರಡು ಸಾಲು ಬರೆಯಬೇಕು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಹಾಜರಾತಿ ನೂರಕ್ಕೆ ತೊಂಬತ್ತು ದಾಟಿತ್ತು. ಜಿಲ್ಲಾ ಸಮ್ಮೇಳನದಲ್ಲಿ ಒಂದು ಫಲಕವನ್ನೂ ಕೊಟ್ಟರು. ನಾನು ಆಗ ಕಾರ್ಯದರ್ಶಿಯಾಗಿದ್ದೆನಾದ್ದರಿಂದ ಆ ಎರಡೆರಡು ಸಾಲುಗಳನ್ನೆಲ್ಲ ಓದಬೇಕಾದ ಕರ್ಮ ನನ್ನದಾಗಿತ್ತು. ಉತ್ತಮ ಮಾಹಿತಿ, ಧನ್ಯವಾದಗಳು. ಉಪಯುಕ್ತ ಲೇಖನ, ಅಭಿನಂದನೆಗಳು. ಒಮ್ಮೆ ತಪ್ಪಿ ಭಾಷಣದ ಬದಲು ಖಾಲಿ ಪುಟ ಪ್ರಕಟವಾಗಿತ್ತು. ಅದಕ್ಕೂ ಹನ್ನೊಂದು ಮಂದಿ ಉತ್ತಮ ಮಾಹಿತಿ ಎಂದು ಬರೆದಿದ್ದರು. ಆ ಖಾಲಿ ಪುಟವನ್ನು ನಾನು ಆಡಳಿತ ಮಂಡಳಿಯ ಮುಂದಿಟ್ಟ ಮೇಲೆ, ಏನಾದರಾಗಲಿ ಮುಖ ನೋಡಿಕೊಂಡು ಮಾತನಾಡುವ ಸಭೆಯೇ ಬೇಕು ಎಂದು ತೀರ್ಮಾನವಾಯಿತು.

ತೀರ್ಮಾನವೇನೋ ಸುಲಭ, ನಡೆಸುವುದು ಕಷ್ಟ. ಆಗ ಉಚಿತವಾಗಿ ಸಿಗುತ್ತಿದ್ದ ಗೂಗಲ್ ಹ್ಯಾಂಗೌಟ್ಸ್‌ನಲ್ಲಿ ಹತ್ತು ಮಂದಿಗಷ್ಟೇ ಜಾಗವಿತ್ತು. ಹನ್ನೊಂದನೆಯವರು ಯಾರದಾದರೂ ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಿಸುತ್ತಿದ್ದರು. ಡೇಟಾ ದುಬಾರಿಯಾಗಿದ್ದುದರಿಂದ ಹಳ್ಳಿಯ ಕಡೆಯ ಸದಸ್ಯರು ಚಿತ್ರವನ್ನು ಆರಿಸಿ ಧ್ವನಿಯನ್ನಷ್ಟೇ ಉಳಿಸಿಕೊಳ್ಳುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ದರಗಳು ನೆಲ ಕಚ್ಚಿದ ಮೇಲೆ ನಮ್ಮ ಸದಸ್ಯತ್ವ ಒಂದೇ ವರ್ಷದಲ್ಲಿ ಮೂವತ್ತನ್ನು ದಾಟಿತು. ನಮ್ಮ ಬೆಳವಣಿಗೆಗೆ ನಾವು ನಡೆಸಿದ ಯಾವ ಸದಸ್ಯತ್ವ ಅಭಿಯಾನಕ್ಕಿಂತಲೂ ಅದು ಹೆಚ್ಚು ಕಾರಣ. ಸಭೆ ಭಾನುವಾರ ರಾತ್ರಿ ಎಂಟೂವರೆಗೆ ನಿಗದಿಯಾಯಿತು. ಆಗ ದುಬೈಯಲ್ಲಿ ಸಂಜೆ ಏಳು, ಸಿಂಗಪುರದಲ್ಲಿ ರಾತ್ರಿ ಹನ್ನೊಂದು, ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಹನ್ನೊಂದು. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದಾಗ ನ್ಯೂಜೆರ್ಸಿಯವರು ಪ್ರತಿ ವರ್ಷವೂ ತಪ್ಪದೆ ಒಂದು ಗಂಟೆ ತಡವಾಗಿ, ಸಭೆ ಮುಗಿಯುವ ಹೊತ್ತಿಗೆ, ಕಾಫಿ ಲೋಟ ಹಿಡಿದು ಹಸನ್ಮುಖರಾಗಿ ಪ್ರತ್ಯಕ್ಷರಾಗುತ್ತಾರೆ. ಅವರಿಗೆ ನೂರು ರೂಪಾಯಿ ದಂಡ.

ಸಭೆಯ ಶಿಷ್ಟಾಚಾರವನ್ನು ಪರದೆಗೆ ಒಗ್ಗಿಸುವುದರಲ್ಲಿ ಪಟ್ಟ ಪಾಡನ್ನೂ ಹೇಳಬೇಕು. ರೋಟರಿ ಸಭೆಯನ್ನು ಅಧ್ಯಕ್ಷರು ಗಂಟೆ ಬಾರಿಸಿ ಆರಂಭಿಸುವುದು ವಾಡಿಕೆ. ನಮ್ಮಲ್ಲಿ ಸಭಾಗಂಟೆ ಇರಲಿಲ್ಲವಾದ್ದರಿಂದ ಕಾರ್ಕಳದ ಅಧ್ಯಕ್ಷರು ದೇವರ ಮನೆಯ ಗಂಟೆಯನ್ನೇ ತಂದು ಬಾರಿಸಿದರು. ಜೂಮ್ ತಂತ್ರಾಂಶವು ಅದನ್ನು ಹಿನ್ನೆಲೆಯ ಗದ್ದಲವೆಂದು ತಿಳಿದು ಪೂರ್ತಿಯಾಗಿ ಅಳಿಸಿಹಾಕಿದ್ದರಿಂದ, ಅಧ್ಯಕ್ಷರು ಗಂಭೀರ ಮುಖದಿಂದ ಸದ್ದಿಲ್ಲದ ಗಂಟೆಯನ್ನು ಅಲ್ಲಾಡಿಸುತ್ತಿರುವುದಷ್ಟೇ ನಮಗೆ ಕಂಡಿತು. ರಾಷ್ಟ್ರಗೀತೆಯನ್ನು ಎಲ್ಲರೂ ಒಟ್ಟಿಗೆ ಹಾಡಲು ಹೋದಾಗ ಒಬ್ಬರು ವಿಂಧ್ಯದಲ್ಲಿದ್ದರೆ ಇನ್ನೊಬ್ಬರು ಪಂಜಾಬಿನಲ್ಲೇ ಉಳಿದಿದ್ದರು. ಈಗ ಒಬ್ಬರು ಹಾಡುತ್ತಾರೆ, ಉಳಿದವರು ಮೈಕು ಆರಿಸಿ ಎದ್ದು ನಿಲ್ಲುತ್ತಾರೆ; ಎದ್ದು ನಿಂತಾಗ ಪರದೆಯ ತುಂಬ ಅಂಗಿಯ ಗುಂಡಿಗಳೇ.

ಆದರೆ ಇವೆಲ್ಲ ನಗುವ ಸಂಗತಿಗಳು. ನಗಲಾಗದ ತಪ್ಪೊಂದನ್ನು ನಾವು 2017ರಲ್ಲಿ ಮಾಡಿದೆವು. ಹೋಟೆಲಿನ ಊಟ, ಸಭಾಂಗಣದ ಬಾಡಿಗೆ ಎರಡೂ ಇಲ್ಲದ ಕಾರಣ ಇ-ಕ್ಲಬ್ಬಿನಲ್ಲಿ ಹಣ ಉಳಿಯುತ್ತದೆ, ಮತ್ತು ಉಳಿದ ಹಣ ಕೈ ಕಡಿಯುತ್ತದೆ. ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚಿದೆ ಎಂದು ತಿಳಿದು, ನೀರು ಶುದ್ಧೀಕರಿಸುವ ಆರ್‌ಒ ಯಂತ್ರವೊಂದನ್ನು ಕಳುಹಿಸುವುದೆಂದು ಒಂದೇ ಸಭೆಯಲ್ಲಿ ಒಪ್ಪಿಗೆಯಾಯಿತು. ಫೋನಿನಲ್ಲಿಯೇ ದರಪಟ್ಟಿ, ಫೋನಿನಲ್ಲಿಯೇ ಪಾವತಿ. ಲಾರಿಯಿಂದ ಇಳಿಸಿದ ಪೆಟ್ಟಿಗೆಯ ಮುಂದೆ ಮಕ್ಕಳು ನಿಂತ ಫೋಟೊ ಬಂದಾಗ ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿದೆವು. ಎಂಟು ತಿಂಗಳ ಬಳಿಕ, ಬ್ಯಾಂಕಿನ ತಪಾಸಣೆಗೆಂದು ಆ ಕಡೆ ಹೋಗಿದ್ದ ನಾನು ಶಾಲೆಗೆ ಹೊಕ್ಕು ನೋಡಿದರೆ, ಯಂತ್ರವು ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿ ಪೆಟ್ಟಿಗೆಯೊಳಗೇ ಇತ್ತು. ಅದರ ಮೇಲೆ ಬಿಸಿಯೂಟದ ರಿಜಿಸ್ಟರುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು. ಹಗಲು ಹೊತ್ತಿನಲ್ಲಿ ಮೋಟಾರು ಓಡಿಸುವಷ್ಟು ವೋಲ್ಟೇಜ್ ಅಲ್ಲಿ ಇರುತ್ತಿರಲಿಲ್ಲ. ಮೇಲಿನ ತೊಟ್ಟಿಯಿಂದ ಪೈಪ್ ಎಳೆಯಲು ಯಾರೂ ದುಡ್ಡು ತೆಗೆದಿಟ್ಟಿರಲಿಲ್ಲ. ಯಂತ್ರ ಹೊರಹಾಕುವ ನೀರು ಎಲ್ಲಿಗೆ ಹರಿಯಬೇಕೆಂದು ಯಾರೂ ಯೋಚಿಸಿರಲಿಲ್ಲ. ಮುಖ್ಯೋಪಾಧ್ಯಾಯರು ನನಗೆ ಚಹಾ ತರಿಸಿ, ನೀವು ಕೊಟ್ಟಿದ್ದು ಬಹಳ ಚೊಲೊ ಆತ್ರಿ ಸರ್ ಎಂದಾಗ ನನ್ನ ಕಿವಿ ಬಿಸಿಯಾದದ್ದು ಚಹಾದಿಂದಲ್ಲ.

ಹುಬ್ಬಳ್ಳಿಯ ಹಳೆಯ ಕ್ಲಬ್ಬಿನಲ್ಲಿ ಇಂಥದ್ದು ನಡೆಯಲು ಸಾಧ್ಯವಿರಲಿಲ್ಲ ಎಂದು ಆ ರಾತ್ರಿ ಅನ್ನಿಸಿತು. ಅಲ್ಲಿದ್ದಾಗ ನಾನು ಪಲ್ಸ್ ಪೋಲಿಯೊ ಭಾನುವಾರಗಳಂದು ಬಸ್ ನಿಲ್ದಾಣದ ಮೇಜಿನ ಬಳಿ ನಿಲ್ಲುತ್ತಿದ್ದೆ. ಆರೋಗ್ಯ ಇಲಾಖೆಯ ಅಕ್ಕ ಎರಡು ಹನಿ ಹಾಕಿದ ಕೂಡಲೇ ಮಗುವಿನ ಎಡಗೈಯ ಕಿರುಬೆರಳಿನ ಉಗುರಿಗೆ ಶಾಯಿಯ ಗುರುತು ಹಾಕುವುದು ನನ್ನ ಕೆಲಸ. ಅಳುವ ಮಗು ಮುಷ್ಟಿ ಬಿಗಿಹಿಡಿಯುತ್ತದೆ. ಕಿರುಬೆರಳನ್ನು ಮೆಲ್ಲನೆ ಬಿಡಿಸಬೇಕು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾದಲ್ಲಿ ವರದಿಯಾಗಿ, 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದಾಗ, 1985ರಿಂದ ಈ ಕೆಲಸಕ್ಕೆ ದುಡ್ಡು ಸುರಿದ ರೋಟರಿಯ ಹೆಸರು ಎಲ್ಲೆಡೆ ಬಂತು. ದುಡ್ಡಿನಷ್ಟೇ ಆ ಮುಷ್ಟಿ ಬಿಡಿಸುವ ಕೆಲಸವೂ ಇತ್ತು, ಮತ್ತು ಅದಕ್ಕೆ ಯಾರಾದರೂ ಅಲ್ಲಿ ನಿಂತಿರಬೇಕಾಗಿತ್ತು.

ರಾಯಚೂರಿನಿಂದ ಬಂದ ಮೇಲೆ ನಾವು ಒಂದೇ ಒಂದು ನಿಯಮವನ್ನು ಬರೆದುಕೊಂಡೆವು. ಸ್ಥಳದಿಂದ ಅರ್ಧ ದಿನದೊಳಗೆ ಹೋಗಿಬರಬಲ್ಲ ಸದಸ್ಯರೊಬ್ಬರು ಇಲ್ಲದ ಕಡೆ, ಎಷ್ಟೇ ಒಳ್ಳೆಯ ಕೆಲಸವಾದರೂ, ಹಣ ಬಿಡುಗಡೆ ಮಾಡಕೂಡದು. ರೋಟರಿ ಫೌಂಡೇಷನ್ನಿನ ಗ್ಲೋಬಲ್ ಗ್ರಾಂಟ್ ಎಂಬ ಅನುದಾನದಲ್ಲಿ ಇದರ ದೊಡ್ಡ ರೂಪವೇ ಇದೆ. ಕನಿಷ್ಠ 30,000 ಡಾಲರಿನ ಆ ಯೋಜನೆಗಳಿಗೆ ಕೆಲಸ ನಡೆಯುವ ದೇಶದ ಕ್ಲಬ್ಬೊಂದು, ಹೊರದೇಶದ ಕ್ಲಬ್ಬೊಂದು ಜೊತೆಗೂಡಲೇಬೇಕು. ನಮ್ಮದು ಅಷ್ಟು ದೊಡ್ಡ ಮೊತ್ತವಲ್ಲ, ಆದರೆ ತತ್ತ್ವ ಅದೇ. ಹಣದ ವಿಷಯದಲ್ಲಿ ನನ್ನ ಬ್ಯಾಂಕಿನ ಅನುಭವ ಒಂದಿಷ್ಟು ಉಪಯೋಗಕ್ಕೆ ಬಂತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ದುಬೈಯವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯೆನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದ ನ್ಯೂಜೆರ್ಸಿಯವರು ಹುಟ್ಟೂರಿನ ಶಾಲೆಗೇ ಕೊಟ್ಟರೂ ಅದು ವಿದೇಶಿ ದೇಣಿಗೆ, ಅದಕ್ಕೆ ಇಂಥ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ದಾರಿಯೇ ಬೇರೆ. ಇದನ್ನು ವಿವರಿಸಿದಾಗ ಅವರಿಗೆ ಬೇಸರವಾಯಿತು. ನಾನು ಬೆಳೆದ ಊರಿಗೆ ನಾನು ವಿದೇಶಿಯೇ ಎಂದು ಕೇಳಿದರು. ನಾನು ಕಾಯ್ದೆಯ ಸೆಕ್ಷನ್ನನ್ನು ಓದಿ ಹೇಳಿದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ರಾಯಚೂರಿನ ಯಂತ್ರ ಕೊನೆಗೂ ಓಡಿತು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವರೊಬ್ಬರು, ನಮ್ಮ ಕಥೆ ಕೇಳಿ ನಕ್ಕವರು, ಆ ನಗುವಿನ ದಂಡವೆಂಬಂತೆ ನಮ್ಮ ಸದಸ್ಯರಾದರು. ಸ್ಟೆಬಿಲೈಸರ್ ಹಾಕಿಸಿ, ಪೈಪ್ ಎಳೆಸಿ, ಹೊರಹೋಗುವ ನೀರನ್ನು ಶೌಚಾಲಯದ ತೊಟ್ಟಿಗೆ ತಿರುಗಿಸಿದವರು ಅವರೇ. ಅಲ್ಲಿಂದ ಮುಂದೆ ಸದಸ್ಯರನ್ನು ಸೇರಿಸಿಕೊಳ್ಳುವಾಗ ಅವರ ಉದ್ಯೋಗಕ್ಕಿಂತ ಮೊದಲು ಅವರ ತಾಲೂಕನ್ನು ಕೇಳುವುದು ರೂಢಿಯಾಯಿತು. ಇಂದು ನಮ್ಮ ಐವತ್ತೆಂಟು ಮಂದಿಯ ಪಟ್ಟಿಯನ್ನು ನೋಡಿದರೆ ಹದಿನೇಳು ತಾಲೂಕುಗಳು ಸಿಗುತ್ತವೆ. ಊರಿಲ್ಲದ ಕ್ಲಬ್ಬು ಹದಿನೇಳು ಊರುಗಳ ಕ್ಲಬ್ಬಾದದ್ದು ಹೀಗೆ.

2016ರ ಕೌನ್ಸಿಲ್ ಸಭೆಯು ಕ್ಲಬ್ಬಿಗೂ ಇ-ಕ್ಲಬ್ಬಿಗೂ ನಿಯಮದಲ್ಲಿದ್ದ ಭೇದವನ್ನೇ ತೆಗೆದುಹಾಕಿ, ಯಾವ ಕ್ಲಬ್ಬಾದರೂ ಹೇಗೆ ಬೇಕಾದರೂ ಸಭೆ ಸೇರಬಹುದು ಎಂದಿತ್ತು. ನಮ್ಮ ಕಡೆ ಅದರ ಅರ್ಥ ಆದದ್ದು 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಬಂದು ಎಲ್ಲ ರೋಟರಿ ಭವನಗಳಿಗೂ ಬೀಗ ಬಿದ್ದಾಗ. ನಮ್ಮನ್ನು ಮೊಬೈಲ್ ಕ್ಲಬ್ಬಿನವರು ಎಂದು ಕರೆದು ನಗುತ್ತಿದ್ದ ಹಿರಿಯರೊಬ್ಬರು ಅನ್‌ಮ್ಯೂಟ್ ಗುಂಡಿ ಎಲ್ಲಿದೆಯೆಂದು ನನಗೆ ಫೋನ್ ಮಾಡಿದರು. ನಲವತ್ತು ನಿಮಿಷಕ್ಕೆ ಉಚಿತ ಸಭೆ ಕತ್ತರಿಸಿಹೋದಾಗ ತಮ್ಮನ್ನು ಯಾರೋ ಬೇಕೆಂದೇ ಹೊರಹಾಕಿದರೆಂದು ಇನ್ನೊಬ್ಬರು ಮುನಿಸಿಕೊಂಡರು. ಆ ಎರಡು ತಿಂಗಳು ನಾವು ಎಷ್ಟೋ ಕ್ಲಬ್ಬುಗಳಿಗೆ ಪಾಠ ಹೇಳಿದೆವು, ಸ್ವಲ್ಪ ಜಂಬವನ್ನೂ ಪಟ್ಟೆವು. ಮರುವರ್ಷದ ಎರಡನೆಯ ಅಲೆಯಲ್ಲಿ ಜಂಬ ಇಳಿಯಿತು. ದುಬೈಯ ಸದಸ್ಯರು ಕೊಂಡು ಕಳುಹಿಸಿದ ನಾಲ್ಕು ಆಕ್ಸಿಜನ್ ಕಾನ್ಸಂಟ್ರೇಟರುಗಳನ್ನು ಬೆಂಗಳೂರಿನಿಂದ ತಾಲೂಕು ಆಸ್ಪತ್ರೆಗಳಿಗೆ ಮುಟ್ಟಿಸುವಾಗ, ಪಾಸು ಹಿಡಿದು ಗಾಡಿ ಓಡಿಸಿದವರು ಊರೂರಿನ ಹಳೆಯ ಕ್ಲಬ್ಬಿನವರೇ. ಅವರಲ್ಲಿ ಅನ್‌ಮ್ಯೂಟ್ ಕೇಳಿದ ಹಿರಿಯರೂ ಇದ್ದರು.

ಭೇದವೇ ಇಲ್ಲವೆಂದ ಮೇಲೆ ಪ್ರತ್ಯೇಕ ಇ-ಕ್ಲಬ್ ಏಕೆ ಬೇಕು ಎಂದು ಈಗ ಕೆಲವರು ಕೇಳುತ್ತಾರೆ. ಹಾಜರಾತಿಯ ಬಿಗಿಯೂ ಮೊದಲಿನಂತಿಲ್ಲ, ಮೇಕಪ್ ಚೀಟಿಯನ್ನು ಕೇಳುವವರೂ ಕಡಿಮೆ. ನಾನು ನಿವೃತ್ತನಾಗಿ ಧಾರವಾಡದಲ್ಲಿ ಮನೆ ಮಾಡಿದ್ದೇನೆ. ನಡೆದುಹೋಗುವಷ್ಟು ದೂರದಲ್ಲಿ ಒಂದು ಕ್ಲಬ್ಬು ಇದೆ, ಅದರ ಅಧ್ಯಕ್ಷರು ಎರಡು ಬಾರಿ ಕರೆದೂ ಇದ್ದಾರೆ. ಹೋಗಬಾರದೆಂದೇನೂ ಇಲ್ಲ. ಆದರೆ ಭಾನುವಾರ ರಾತ್ರಿ ಎಂಟೂವರೆಯ ಸಭೆಯನ್ನು ಬಿಡುವುದು ನನಗೆ ಆಗುತ್ತಿಲ್ಲ. ಈ ವಾರ ಚರ್ಚೆಗೆ ಇರುವುದು ಅದೇ ರಾಯಚೂರಿನ ಶಾಲೆಯ ಯಂತ್ರ. ಅದರ ನೀರು ಸೋಸುವ ಮೆಂಬ್ರೇನ್ ಬದಲಾಯಿಸುವ ದಿನ ಬಂದಿದೆ, ಸಿಂಧನೂರಿನವರು ಮಗಳ ಮದುವೆಯ ಓಡಾಟದಲ್ಲಿದ್ದಾರೆ, ಶಾಲೆ ಆರಂಭವಾಗುವುದಕ್ಕೆ ಹನ್ನೆರಡು ದಿನಗಳಿವೆ. ಲಿಂಗಸುಗೂರಿನ ಹೊಸ ಸದಸ್ಯೆಯೊಬ್ಬರು ಬೈಕಿನಲ್ಲಿ ಹೋಗಿಬರುತ್ತೇನೆ ಎಂದಿದ್ದಾರೆ. ಆ ಡಬ್ಬಿ ಬೈಕಿನ ಮೇಲೆ ಕೂರುತ್ತದೆಯೇ ಎಂಬುದನ್ನು ಅಂಗಡಿಯವರಲ್ಲಿ ವಿಚಾರಿಸುವ ಹೊಣೆ ನನ್ನದು.